ಕ್ಯಾಲೆಂಡರ್ ನಿಮ್ಮ ಕೈಯಲ್ಲಿ, ನಿದ್ದೆ ನಮ್ಮದು: ವಿನ್ಯಾಸ ಸಮ್ಮೇಳನಗಳ ಸಂಘಟಕರಿಗೊಂದು ಬಹಿರಂಗ ಪತ್ರ

ಬೆಂಗಳೂರಿನಲ್ಲಿ ವಿನ್ಯಾಸ ಸಮ್ಮೇಳನ ನಡೆಸುವ ಎಲ್ಲ ಸಂಘಟಕರಿಗೆ, ಮತ್ತು ನಮಗೆ ಕೆಲಸ ಕೊಡುವ ಎಲ್ಲ ಗಿರಾಕಿಗಳಿಗೆ,



ನಾನು ಕಲಬುರಗಿ ಜಿಲ್ಲೆಯ ಸೇಡಂನಲ್ಲಿ ಇದ್ದುಕೊಂಡೇ ವಿನ್ಯಾಸದ ಕೆಲಸ ಮಾಡುವವನು. ಲಗ್ನಪತ್ರಿಕೆ, ಶಾಲೆಯ ಸ್ಮರಣ ಸಂಚಿಕೆ, ಶಹಾಬಾದ್ ಕಲ್ಲಿನ ವ್ಯಾಪಾರಿಗಳ ಕ್ಯಾಟಲಾಗ್, ಬೆಂಗಳೂರಿನ ಕಂಪನಿಗಳ ಆ್ಯಪ್ ಪರದೆಗಳು, ಎಲ್ಲವೂ ಒಂದೇ ಮೇಜಿನ ಮೇಲೆ ತಯಾರಾಗುತ್ತವೆ. ನನ್ನಂಥವರು ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಲ್ಲೂ ಇದ್ದಾರೆ. ಒಬ್ಬರ ಅಂಗಡಿಯಲ್ಲಿ ಫ್ಲೆಕ್ಸ್ ಯಂತ್ರವಿದೆ, ಇನ್ನೊಬ್ಬರ ಬಳಿ ಬರೀ ಲ್ಯಾಪ್‌ಟಾಪ್ ಇದೆ. ನಿಮ್ಮ ಸಮ್ಮೇಳನಗಳಿಗೆ ಬರಬೇಕೆಂಬ ಆಸೆ ಎಲ್ಲರಿಗೂ ಇದೆ. ಬಂದವರು ಹೊಸದನ್ನು ಕಲಿತು, ನಾಲ್ಕು ಜನರ ಪರಿಚಯ ಮಾಡಿಕೊಂಡು ಮರಳಿದ್ದೂ ಇದೆ. ಅದಕ್ಕಾಗಿಯೇ ಈ ಪತ್ರ. ನಿಮ್ಮ ಮೇಲಿನ ಸಿಟ್ಟಿನಿಂದ ಬರೆಯುತ್ತಿಲ್ಲ, ನಿಮ್ಮ ಸಂಗ ಬೇಕು ಎಂದು ಬರೆಯುತ್ತಿದ್ದೇನೆ.

ಮೊದಲು ನವೆಂಬರ್ ತಿಂಗಳನ್ನೇ ನೋಡಿ. ಒಂದನೇ ತಾರೀಖು ರಾಜ್ಯೋತ್ಸವ. ಅದರ ಹಿಂದಿನ ವಾರವಿಡೀ ಬ್ಯಾನರ್, ಸನ್ಮಾನ ಪತ್ರ, ಆಮಂತ್ರಣಗಳ ಕೆಲಸ. ತುಳಸಿ ಲಗ್ನ ಆಯಿತೆಂದರೆ ಮದುವೆಗಳು ಶುರು, ಲಗ್ನಪತ್ರಿಕೆಗಳ ಸಾಲು ಹತ್ತುತ್ತದೆ. ಅದೇ ಹೊತ್ತಿಗೆ ನಿಮ್ಮ ಕಡೆಯ ಕಾರ್ಯಕ್ರಮಗಳೂ ಬರುತ್ತವೆ. ಬೆಂಗಳೂರಿನ ಟೆಕ್ ಶೃಂಗಸಭೆ ಇತ್ತೀಚಿನ ವರ್ಷಗಳಲ್ಲಿ ನವೆಂಬರ್‌ನಲ್ಲೇ ಶುರುವಾಗುತ್ತಿದೆ. 2005ರಿಂದ ಆಚರಿಸುತ್ತ ಬಂದಿರುವ ವಿಶ್ವ ಬಳಕೆಯೋಗ್ಯತಾ ದಿನ ನವೆಂಬರಿನ ಎರಡನೇ ಗುರುವಾರ. ಅದರ ಸುತ್ತಮುತ್ತ ಕಾರ್ಯಾಗಾರ, ಭೇಟಿ, ಉಪನ್ಯಾಸಗಳು. ಕಂಪನಿಗಳಿಗೂ ವರ್ಷ ಮುಗಿಯುವ ಮೊದಲು ಕೆಲಸ ಮುಗಿಯಬೇಕು. ಊರಿನ ಹಂಗಾಮೂ ನಗರದ ಹಂಗಾಮೂ ಬಂದು ಒಬ್ಬನೇ ಮನುಷ್ಯನ ಹೆಗಲೇರುತ್ತವೆ.

ಲಗ್ನಪತ್ರಿಕೆ ಎಂದರೆ ಹಗುರ ಕೆಲಸ ಎಂದುಕೊಳ್ಳಬೇಡಿ. ಮುದ್ರಣದವರ ಹಳೆಯ ಕಡತಗಳು ಇನ್ನೂ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿವೆ, ಹೊಸ ಕೆಲಸ ಯೂನಿಕೋಡಿನಲ್ಲಿ. ಒಂದರಿಂದ ಇನ್ನೊಂದಕ್ಕೆ ತರುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ. ಯಾಕೆಂದರೆ ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುವ ಒಂದು ಚಿಹ್ನೆ, ಯೂನಿಕೋಡಿನಲ್ಲಾದರೋ ಅಕ್ಷರಕ್ಕಿಂತ ಮೊದಲೇ ಬರೆಯಬೇಕಾದ ರಕಾರ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ನಮ್ಮ ಲಿಪಿಗಳಿಗೆಂದು ಇರುವ ಆಯ್ಕೆಯನ್ನು ಹಾಕದಿದ್ದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಸೇಡಂ, ಚಿಂಚೋಳಿಯ ಗಡಿಯೂರುಗಳಲ್ಲಿ ಬೀಗರು ತೆಲುಗಿನವರಾದರೆ ಪತ್ರಿಕೆಯ ಒಂದು ಬದಿ ತೆಲುಗಿನಲ್ಲಿ ಬೇಕು. ಶಹಾಬಾದ್, ವಾಡಿಯ ಪತ್ರಿಕೆಗಳಲ್ಲಿ ಉರ್ದು ಬಂದರೆ ಬಲದಿಂದ ಎಡಕ್ಕೆ ಓಡುವ ನಸ್ತಾಲಿಕ್ ಸಾಲನ್ನು ಇನ್‌ಪೇಜ್‌ ತಂತ್ರಾಂಶದಲ್ಲಿ ಕೂಡಿಸಿ ತಂದು, ಎಡದಿಂದ ಬಲಕ್ಕೆ ಓಡುವ ಕನ್ನಡದ ಮಗ್ಗುಲಲ್ಲಿ ಸರಿದೂಗಿಸಬೇಕು. ಇಷ್ಟೆಲ್ಲ ಮುಗಿಸಿ ಪ್ರೂಫ್ ಕಳಿಸಿದ ಮೇಲೆ ರಾತ್ರಿ ಹತ್ತೂವರೆಗೆ ಫೋನು: "ಅಣ್ಣಾರ, ಸೋದರಮಾವನ ಹೆಸರ ಕೆಳಗ ಹೋಗ್ಯಾದ್ರಿ, ಮ್ಯಾಲ ತಗೋರಿ." ಅವರ ಮನೆಯಲ್ಲಿ ಆ ಒಂದು ಸಾಲಿಗಾಗಿ ಮಾತು ಬೆಳೆಯಬಹುದು. ಆದ್ದರಿಂದ ನಾವು ಎದ್ದು ಕೂತು ಸರಿಪಡಿಸುತ್ತೇವೆ, ಮತ್ತು ಅದನ್ನು ಗೌರವದಿಂದಲೇ ಮಾಡುತ್ತೇವೆ.

ಈಗ ಪ್ರಯಾಣಕ್ಕೆ ಬರುತ್ತೇನೆ. ಸೇಡಂ, ಚಿತ್ತಾಪುರಗಳು ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಹಳಿಯ ಮೇಲಿವೆ. ನಿಜಾಮರ ಕಾಲದಲ್ಲಿ, 1874ರಲ್ಲಿ ಬಂದ ಹಳಿ ಅದು. ಈ ಎರಡು ಊರುಗಳ ರೈಲು ವ್ಯವಹಾರ ಇಂದಿಗೂ ಸಿಕಂದರಾಬಾದ್ ವಿಭಾಗದ್ದು, ವಾಡಿ ಮತ್ತು ಶಹಾಬಾದಿನದು ಸೋಲಾಪುರ ವಿಭಾಗದ್ದು. ಚಿಂಚೋಳಿಗೆ ರೈಲೇ ಇಲ್ಲ, ಬಸ್ಸು ಹಿಡಿದು ತಾಂಡೂರಿಗೋ ಕಲಬುರಗಿಗೋ ಹೋಗಬೇಕು. ನಮಗೆ ಹೈದರಾಬಾದ್ ಹತ್ತಿರ, ಬೆಂಗಳೂರು ಒಂದು ರಾತ್ರಿಯ ದೂರ. ನಿಮ್ಮ ಸಮ್ಮೇಳನ ಬೆಳಿಗ್ಗೆ ಒಂಬತ್ತೂವರೆಗೆ ಶುರುವಾಗುವುದಾದರೆ ನಾವು ಹಿಂದಿನ ದಿನ ಸಂಜೆಯೇ ಅಂಗಡಿ ಮುಚ್ಚಿ, ವಾಡಿಗೆ ಹೋಗಿ ಕಾದು, ಮುಂಬಯಿ ಕಡೆಯಿಂದ ಬರುವ ರೈಲು ಹತ್ತಬೇಕು. 2024ರ ಮಾರ್ಚ್‌ನಲ್ಲಿ ಕಲಬುರಗಿಯಿಂದ ವಂದೇ ಭಾರತ್ ಶುರುವಾದದ್ದು ಒಳ್ಳೆಯದೇ ಆಯಿತು. ಆದರೆ ಅದು ನಸುಕಿನಲ್ಲಿ ಕಲಬುರಗಿ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಬೆಂಗಳೂರು ಸೇರುವ ಗಾಡಿ. ಅದರಲ್ಲಿ ಬಂದವರಿಗೆ ಮೊದಲ ದಿನದ ಅರ್ಧ ಕೈತಪ್ಪಿರುತ್ತದೆ, ಚಿಂಚೋಳಿಯವರಿಗೆ ನಡುರಾತ್ರಿಯ ಪ್ರಯಾಣ ತಪ್ಪುವುದಿಲ್ಲ.

ಹೀಗಾಗಿ ಎರಡು ದಿನದ ಸಮ್ಮೇಳನಕ್ಕೆ ನಮ್ಮವರು ಎರಡು ರಾತ್ರಿಯ ನಿದ್ದೆಯನ್ನೂ ನಾಲ್ಕು ದಿನದ ದುಡಿಮೆಯನ್ನೂ ತೆರುತ್ತಾರೆ. ರೈಲಿನ ಮೇಲಿನ ಬರ್ತಿನಲ್ಲಿ ಫೋನಿನ ಹಾಟ್‌ಸ್ಪಾಟ್ ಹಚ್ಚಿ ಗಿರಾಕಿಯ ಪ್ರೂಫ್ ತಿದ್ದುತ್ತ ಬಂದವರು, ಬೆಳಿಗ್ಗೆ ನಿಲ್ದಾಣದಲ್ಲೇ ಮುಖ ತೊಳೆದು ನಿಮ್ಮ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂರುತ್ತಾರೆ. ಅಲ್ಲಿ ವೇದಿಕೆಯ ಮೇಲೆ ನಡೆಯುತ್ತಿರುವುದು ಮಾನಸಿಕ ಸ್ವಾಸ್ಥ್ಯದ ಗೋಷ್ಠಿ. ಸಾಕಷ್ಟು ನಿದ್ದೆ ಮಾಡಿ, ಕೆಲಸಕ್ಕೆ ಗಡಿ ಹಾಕಿಕೊಳ್ಳಿ, ಉಸಿರಾಟದ ಅಭ್ಯಾಸ ಮಾಡಿ ಎಂಬ ಸಲಹೆಗಳು. ಸಲಹೆ ಕೊಡುವವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕೊನೆಯ ಸಾಲಿನ ಆ ಮನುಷ್ಯನ ನಿದ್ದೆ ಕೆಟ್ಟದ್ದು ಅವನ ಅಶಿಸ್ತಿನಿಂದ ಆದದ್ದಲ್ಲ. ಸಮ್ಮೇಳನದ ಸಮಯ ನಿಗದಿ ಮಾಡುವಾಗ ಯಾರೂ ಅವನನ್ನು ನೆನೆಯಲಿಲ್ಲ.

ನಾನು ಹೇಳಬೇಕಾದದ್ದು ಇದೇ. ಕೆಲಸ, ಪ್ರಯಾಣ, ಕಲಿಕೆ, ಆರೋಗ್ಯ ಇವೆಲ್ಲವನ್ನೂ ಸರಿದೂಗಿಸುವ ಹೊಣೆಯನ್ನು ಒಬ್ಬೊಬ್ಬ ವಿನ್ಯಾಸಕನ ತಲೆಗೇ ಕಟ್ಟಿಬಿಟ್ಟಿದ್ದೇವೆ. ತಾರೀಖು, ಸಮಯ, ಜಾಗ, ಗಡುವು ಗೊತ್ತು ಮಾಡುವವರು ಅದರಲ್ಲಿ ಪಾಲು ಹೊರಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ತನ್ನ ಹೊಸ ವರ್ಗೀಕರಣದಲ್ಲಿ ದುಡಿಮೆಯ ಬಳಲಿಕೆಯನ್ನು ಸೇರಿಸಿದಾಗ ಅದನ್ನು ರೋಗ ಎಂದು ಕರೆಯಲಿಲ್ಲ. ಕೆಲಸದ ಜಾಗದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದಾಗ ಹುಟ್ಟುವ, ವೃತ್ತಿಗೆ ಸಂಬಂಧಿಸಿದ ಸಂಗತಿ ಎಂದಿತು. ಅದೇ ಸಂಸ್ಥೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಜೊತೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು. ಮದುವೆ ಹಂಗಾಮಿನಲ್ಲಿ ನಮ್ಮ ಸಣ್ಣ ಅಂಗಡಿಗಳ ವಾರ ಆ 55 ಗಂಟೆಯನ್ನು ಸಲೀಸಾಗಿ ದಾಟುತ್ತದೆ.

ನಮ್ಮ ಸೀಮೆ ಸಿಮೆಂಟಿನ ಸೀಮೆ. ವಾಡಿಯಲ್ಲಿ 1968ರಿಂದ ಕಾರ್ಖಾನೆ ನಡೆಯುತ್ತಿದೆ, ಮಳಖೇಡ, ಸೇಡಂಗಳಲ್ಲಿ 1980ರ ದಶಕದಲ್ಲಿ ಬಂದವು. ಇಲ್ಲಿನ ಮನೆಮನೆಗೂ ಶಿಫ್ಟ್ ಎಂದರೇನು ಗೊತ್ತು. ನೈಟ್ ಶಿಫ್ಟ್ ಮುಗಿಸಿ ಬಂದ ಅಪ್ಪ ಮಲಗಿದ್ದರೆ ಮಕ್ಕಳು ಓಣಿಯಲ್ಲಿ ಗದ್ದಲ ಮಾಡುವುದಿಲ್ಲ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ವಾರದ ರಜೆ ತಪ್ಪಿದರೆ ಆ ತಿಂಗಳಲ್ಲೋ ಮುಂದಿನ ಎರಡು ತಿಂಗಳೊಳಗೋ ಬದಲಿ ರಜೆ ಕೊಡಬೇಕು ಎಂದು ಬರೆದಿಟ್ಟಿತ್ತು. ಎಲ್ಲ ಕಡೆ ಅದು ಅಚ್ಚುಕಟ್ಟಾಗಿ ಪಾಲನೆಯಾಯಿತು ಎಂದು ನಾನು ಹೇಳಲಾರೆ. ಆದರೆ ದಣಿದ ದೇಹಕ್ಕೆ ಕಳೆದ ರಜೆಯನ್ನು ಮರಳಿ ಕೊಡಬೇಕು ಎಂಬ ತತ್ವವಾದರೂ ಕಾಗದದ ಮೇಲೆ ಇತ್ತು. ಸ್ವಂತವಾಗಿ ದುಡಿಯುವ ವಿನ್ಯಾಸಕನಿಗೆ ಆ ಕಾಗದವೂ ಇಲ್ಲ.

ದೂರದ ಊರಿನವರು ಪ್ರಯಾಣ ಮಾಡಲೇಬೇಕಲ್ಲ ಎಂದು ನೀವು ಕೇಳಬಹುದು. ಒಂದು ಕಾಲಕ್ಕೆ ಅದು ನಿಜವಾಗಿತ್ತು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಚಿತ್ರಕಾರ ಎಸ್.ಎಂ. ಪಂಡಿತರು ಜೆ.ಜೆ. ಕಲಾಶಾಲೆಗಾಗಿ ಮುಂಬಯಿಗೆ ಹೋದರು. ಅಲ್ಲಿನ ಮೆಟ್ರೊ ಚಿತ್ರಮಂದಿರಕ್ಕೆ ಸಿನಿಮಾ ಚಿತ್ರಗಳನ್ನು ಬರೆದರು, ಅವರ ಕ್ಯಾಲೆಂಡರ್ ಚಿತ್ರಗಳು ದೇಶದ ಮನೆಗಳ ಗೋಡೆ ಏರಿದವು. ಅಚ್ಚಿನ ಯಂತ್ರ, ಗಿರಾಕಿ, ಗುರು ಮೂವರೂ ಮುಂಬಯಿಯಲ್ಲಿದ್ದಾಗ ಕಲಾವಿದ ಅಲ್ಲಿಗೆ ಹೋಗದೆ ಉಪಾಯವಿರಲಿಲ್ಲ. ಇಂದು ನನ್ನ ಕಡತ ಸೇಡಂನಿಂದ ಬೆಂಗಳೂರಿಗೆ ಗಳಿಗೆಯಲ್ಲಿ ತಲುಪುತ್ತದೆ. ಮನುಷ್ಯ ಮಾತ್ರ ಯಾವಾಗಲೂ ಒಂದೇ ದಿಕ್ಕಿಗೆ ಹೋಗಬೇಕು ಎನ್ನುವುದಕ್ಕೆ ಈಗ ಕಾರಣ ಉಳಿದಿಲ್ಲ.

ಸಮ್ಮೇಳನ ಊರಿಂದೂರಿಗೆ ನಡೆಯಬಲ್ಲದು ಎಂಬುದಕ್ಕೆ ಉದಾಹರಣೆ ನಿಮ್ಮ ವೃತ್ತಿಯಲ್ಲೇ ಇದೆ. ಮುಂಬಯಿ ಐಐಟಿಯಿಂದ 2008ರಲ್ಲಿ ಹೊರಟ ಟೈಪೋಗ್ರಫಿ ಡೇ ಎಂಬ ಅಕ್ಷರವಿನ್ಯಾಸದ ಸಮ್ಮೇಳನ ಅಹಮದಾಬಾದ್, ಪುಣೆಗಳಿಗೆ ಹೋಯಿತು, 2013ರಲ್ಲಿ ಗುವಾಹಾಟಿಗೂ 2016ರಲ್ಲಿ ಬೆಂಗಳೂರಿಗೂ ಹೋಯಿತು. ಇನ್ನು ನಮ್ಮ ಕಡೆ ಸಭೆ ನಡೆಸುವ ಶಕ್ತಿ ಇದೆಯೇ ಎಂದರೆ, 2020ರ ಫೆಬ್ರುವರಿಯಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಕಲಬುರಗಿಯಲ್ಲಿ. 2025ರ ಜನವರಿ 29ರಿಂದ ಫೆಬ್ರುವರಿ 6ರವರೆಗೆ, ಒಂಬತ್ತು ದಿನ, ಭಾರತೀಯ ಸಂಸ್ಕೃತಿ ಉತ್ಸವ ನಡೆದದ್ದು ನಮ್ಮ ಸೇಡಂನಲ್ಲೇ. ಅಷ್ಟು ದೊಡ್ಡ ಜನಸಂದಣಿಗೆ ಊಟ, ನೀರು, ನೆರಳು ಹೊಂದಿಸಿದ ಊರಿಗೆ ನೂರಿನ್ನೂರು ವಿನ್ಯಾಸಕರನ್ನು ಕೂರಿಸುವುದು ಕಷ್ಟವೇನಲ್ಲ.

ಬಂದರೆ ನೋಡಲು, ಕಲಿಯಲು ಇಲ್ಲಿ ಬಹಳ ಇದೆ. ಭೀಮಾ ತೀರದ ಸನ್ನತಿಯ ಮಗ್ಗುಲಿನ ಕನಗನಹಳ್ಳಿಯಲ್ಲಿ ಅಶೋಕನ ಉಬ್ಬುಶಿಲ್ಪವಿದೆ. ಅದರ ಮೇಲೆ ಬ್ರಾಹ್ಮಿಯಲ್ಲಿ ಅವನ ಹೆಸರು ಕೆತ್ತಿದ್ದಾರೆ. ಚಿತ್ರಕ್ಕೂ ಬರಹಕ್ಕೂ ನಂಟು ಹೇಗೆ ಬೆಸೆಯಬೇಕು ಎಂಬ ಪಾಠಕ್ಕೆ ಇದಕ್ಕಿಂತ ಹಳೆಯ, ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಹನ್ನೊಂದನೇ ಶತಮಾನದಲ್ಲೇ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರವಿತ್ತು. 1058ರ ಅಲ್ಲಿನ ಶಾಸನ ಅಧ್ಯಾಪಕರು, ವಿದ್ಯಾರ್ಥಿಗಳ ಜೊತೆಗೆ ಆರು ಮಂದಿ ಗ್ರಂಥಪಾಲಕರನ್ನೂ ಹೆಸರಿಸಿ ಅವರೆಲ್ಲರ ಜೀವನಕ್ಕೆ ಏರ್ಪಾಡು ಮಾಡುತ್ತದೆ. ಕಲಿಕೆಗೆ ಬಂದವನ ಹೊಟ್ಟೆ, ವಸತಿಯನ್ನು ಕಲಿಕೆಯ ಯೋಜನೆಯ ಒಳಗೇ ಸೇರಿಸಿದ್ದರು ನಮ್ಮ ಹಿರಿಯರು. ಗೋಷ್ಠಿ ಮುಗಿದ ಮೇಲೆ ಒಂದು ದಿನ ಚಿಂಚೋಳಿಯ ಕಾಡಿಗೆ, ಚಂದ್ರಂಪಳ್ಳಿಯ ಜಲಾಶಯಕ್ಕೆ ಹೋಗಿಬರೋಣ. ಸ್ವಾಸ್ಥ್ಯದ ಮಾತು ಅಲ್ಲಿ ಆಡೋಣ.

ಕೇಳಿಕೆಗಳು ಸ್ಪಷ್ಟವಾಗಿರಲಿ ಎಂದು ಒಂದೊಂದಾಗಿ ಬರೆಯುತ್ತಿದ್ದೇನೆ.

ಸಂಘಟಕರೇ, ತಾರೀಖನ್ನು ಮೂರು ತಿಂಗಳ ಮೊದಲೇ ಹೇಳಿ. ರೈಲಿನ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮುಂಚೆ, ಅಷ್ಟರೊಳಗೆ ಗೊತ್ತಾದರೆ ನಮಗೆ ಮಲಗಲು ಬರ್ತಾದರೂ ಸಿಗುತ್ತದೆ. ಮೊದಲ ದಿನದ ಮುಖ್ಯ ಗೋಷ್ಠಿಗಳನ್ನು ಮಧ್ಯಾಹ್ನದ ನಂತರ ಇಡಿ. ದೂರದಿಂದ ಬಂದವರಿಗೆ ಸ್ನಾನಕ್ಕೆ, ಎರಡು ತಾಸು ಮಲಗಲಿಕ್ಕೆ ಜಾಗ ಕೊಡಿ. ಟಿಕೆಟ್ ದರದಲ್ಲಿ ರಿಯಾಯಿತಿ ಕೊಡುವುದಾದರೆ ಪ್ರಯಾಣದ ದೂರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಲ್ಲ ಗೋಷ್ಠಿಗಳ ದೃಶ್ಯಮುದ್ರಣವನ್ನು ಕನ್ನಡದ ಉಪಶೀರ್ಷಿಕೆಯೊಂದಿಗೆ ಹೊರತನ್ನಿ, ಬರಲಾಗದವನು ತನ್ನ ಬಿಡುವಿನಲ್ಲಿ ನೋಡಿ ಕಲಿಯಲಿ. ಮೂರು ವರ್ಷಕ್ಕೊಮ್ಮೆಯಾದರೂ ಕಲಬುರಗಿ ಜಿಲ್ಲೆಗೆ ಬನ್ನಿ. ಬಂದಾಗ ಹಲವು ಲಿಪಿಗಳನ್ನು ಒಂದೇ ಹಾಳೆಯಲ್ಲಿ ಹೊಂದಿಸುವ ನಮ್ಮ ಡಿಟಿಪಿಯವರನ್ನು ವೇದಿಕೆಗೆ ಕರೆಯಿರಿ. ಕೊನೆಯ ಸಾಲಿನಲ್ಲಿ ಕೂತು ಕೇಳುವುದಕ್ಕಷ್ಟೇ ಹುಟ್ಟಿದವರಲ್ಲ ಅವರು.

ಗಿರಾಕಿಗಳೇ, ಪ್ರೂಫಿಗೆ ಒಪ್ಪಿಗೆ ಕೊಡುವ ಒಬ್ಬರನ್ನು ಮನೆಯಲ್ಲೋ ಕಚೇರಿಯಲ್ಲೋ ಮೊದಲೇ ಗೊತ್ತು ಮಾಡಿ. ಹೆಸರುಗಳ ಪಟ್ಟಿಯನ್ನು ಹಿರಿಯರ ಮುಂದೆ ಓದಿ ಮುಗಿಸಿ ಆಮೇಲೆ ಕಳಿಸಿ. ರಾತ್ರಿ ಎಂಟರ ನಂತರದ ಸಂದೇಶಕ್ಕೆ ಮರುದಿನ ಉತ್ತರ ಬಂದರೆ ಅದನ್ನು ಉದಾಸೀನ ಎಂದು ತಿಳಿಯಬೇಡಿ. ರಾತ್ರಿ ಪ್ರಯಾಣ ಮಾಡಿಸಿ ಕರೆಸಿಕೊಂಡರೆ ಮರುದಿನ ಬದಲಿ ರಜೆ ಎಂದು ಒಪ್ಪಂದದಲ್ಲೇ ಬರೆಯೋಣ, ಆ ದಿನದ ದುಡ್ಡನ್ನೂ ಸೇರಿಸೋಣ. ಎಳ್ಳಮಾಸೆಯ ದಿನ ನಮ್ಮನ್ನು ಬಿಡಿ. ಅಂದು ಊರಿಗೆ ಊರೇ ಹೊಲದಲ್ಲಿ ಕೂತು ಬಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತಿರುತ್ತದೆ. ನಿಮಗೂ ಬುತ್ತಿ ಇರುತ್ತದೆ, ಬಂದರೆ ಸಂತೋಷ.

ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚೇ ಇಲ್ಲ, ಯೋಜನೆ ಹಾಕುವ ದಿನ ನಮ್ಮನ್ನು ನೆನೆದರೆ ಸಾಕು. ಬಳಸುವವನ ಬದುಕನ್ನು ಅರಿತು ವಸ್ತುವನ್ನು ರೂಪಿಸಬೇಕು ಎಂದು ನಮಗೆ ಕಲಿಸಿದವರು ನೀವೇ. ಅದೇ ಕಲಿಕೆಯನ್ನು ನಿಮ್ಮ ಮುಂದಿನ ಕಾರ್ಯಕ್ರಮಪಟ್ಟಿಗೆ ಅನ್ವಯಿಸಿ. ಬರುವ ನವೆಂಬರಿನ ತಾರೀಖು ಗೊತ್ತು ಮಾಡುವ ಮೊದಲು ಸೇಡಂನಿಂದಲೋ ಚಿಂಚೋಳಿಯಿಂದಲೋ ಒಬ್ಬರನ್ನು ನಿಮ್ಮ ಸಮಿತಿಗೆ ತೆಗೆದುಕೊಳ್ಳಿ. ಸಭೆಗೆ ಅವರು ಇಲ್ಲಿಂದಲೇ, ತಮ್ಮ ಪರದೆಯ ಮುಂದೆ ಕೂತು ಬರುತ್ತಾರೆ.

ಇಂತಿ ನಿಮ್ಮವ,
ಸೇಡಂನ ಒಬ್ಬ ವಿನ್ಯಾಸಕ