ಸುರಕ್ಷತಾ ಸಮಿತಿ: ಜೋಡಣೆ ಮತ್ತು ಬಳಕೆಯ ಕೈಪಿಡಿ (ವಿಶ್ವವಿದ್ಯಾಲಯ ಮಾದರಿ)

ಅಭಿನಂದನೆಗಳು. ನಿಮ್ಮ ವಿಶ್ವವಿದ್ಯಾಲಯಕ್ಕೂ ಒಂದು ಸುರಕ್ಷತಾ ಸಮಿತಿ ಬಂದಿದೆ. ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಕ್ಕೆ ಮುಂಚೆಯೋ, ರಸಾಯನಶಾಸ್ತ್ರ ವಿಭಾಗದಲ್ಲಿ ಹೊಗೆ ಕಾಣಿಸಿಕೊಂಡ ಮಾರನೆಯ ದಿನವೋ ಇದು ಬರುವುದು ವಾಡಿಕೆ. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದಿದ ಮೇಲೆ ಕಡತಕ್ಕೆ ಸೇರಿಸಿ.

1. ಜೋಡಣೆ

ಮೊದಲು ಅಧ್ಯಕ್ಷರನ್ನು ಕೂರಿಸಿ. ಆಸಿಡ್ ಬಾಟಲಿ ಮುಟ್ಟಿ ಇಪ್ಪತ್ತು ವರ್ಷವಾದ ಹಿರಿಯ ಪ್ರಾಧ್ಯಾಪಕರು ಈ ಜಾಗಕ್ಕೆ ಚೆನ್ನಾಗಿ ಹೊಂದುತ್ತಾರೆ. ಅವರ ಸುತ್ತ ಡೀನ್, ಕುಲಸಚಿವರ ಪ್ರತಿನಿಧಿ, ಹಣಕಾಸು ಅಧಿಕಾರಿಯ ಪ್ರತಿನಿಧಿ ಇವರನ್ನು ಬಿಗಿಯಾಗಿ ಅಳವಡಿಸಿ. ಮಹಿಳಾ ಸದಸ್ಯರೊಬ್ಬರು ಇರಲಿ. ಉಳಿದೆಲ್ಲ ಸಮಿತಿಗಳಲ್ಲೂ ಅವರ ಹೆಸರೇ ಇದ್ದರೆ ಅಡ್ಡಿಯಿಲ್ಲ.

ಜೋಡಿಸಿ ಮುಗಿದ ಮೇಲೆ ಕೆಲವು ಭಾಗಗಳು ಮಿಕ್ಕರೆ ಗಾಬರಿಯಾಗಬೇಡಿ. ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯುವ ಅಟೆಂಡರ್, ಹೈಡ್ರೋಜನ್ನಿನ ಕೆಂಪು ಸಿಲಿಂಡರನ್ನು ಓರೆ ಮಾಡಿ ಉರುಳಿಸಿಕೊಂಡು ಬರುವ ಗುತ್ತಿಗೆ ನೌಕರ, ಯಾರು ಏನು ಸುರಿದಿದ್ದಾರೋ ತಿಳಿಯದೆ ಸಿಂಕು ಉಜ್ಜುವ ಹೆಂಗಸು, ರಾತ್ರಿ ಎರಡರವರೆಗೆ ಒಬ್ಬನೇ ರಿಯಾಕ್ಷನ್ ಕಾಯುತ್ತ ಕೂರುವ ಪಿಎಚ್.ಡಿ. ಹುಡುಗ, ಇವೇ ಆ ಮಿಕ್ಕ ಭಾಗಗಳು. ಇವಿಲ್ಲದಿದ್ದರೆ ಸಮಿತಿ ಇನ್ನೂ ಸದ್ದಿಲ್ಲದೆ ಓಡುತ್ತದೆ.

ಸೂಚನೆ: ಬೇರೆ ಮಾದರಿಗಳಲ್ಲಿ ಈ ಭಾಗಗಳೇ ಅರ್ಧದಷ್ಟಿರುತ್ತವೆ. ಭೋಪಾಲದ ದುರಂತದ ನಂತರ, 1987ರಲ್ಲಿ, ನಮ್ಮ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಕಾರ್ಖಾನೆಗಳ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿರಬೇಕು ಎಂದು ಅದು ವಿಧಿಸಿತು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವಿಶ್ವವಿದ್ಯಾಲಯಗಳಿಗೂ ಇಂಥದೇ ಕಟ್ಟುಪಾಡು ಉಂಟು: ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಆಡಳಿತಕ್ಕೆ ಸೇರದ ನೌಕರರಾಗಿರಬೇಕು. ನಮ್ಮ ವಿಶ್ವವಿದ್ಯಾಲಯ ಕಾರ್ಖಾನೆಯಲ್ಲ, ಒಂಟಾರಿಯೊದಲ್ಲೂ ಇಲ್ಲ. ಆದ್ದರಿಂದ ಚಿಂತೆ ಬೇಡ.

2. ಚಾಲನೆ

ಸಭೆ ಕರೆಯಿರಿ. ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸಿ. ಅಷ್ಟರಲ್ಲಿ ಕಾಫಿ, ಕೋಡುಬಳೆ ಬರುತ್ತವೆ. ಫ್ಯೂಮ್ ಹುಡ್ಡಿನ ಫ್ಯಾನು ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ "ಪರಿಶೀಲಿಸಲಾಗುವುದು" ಎಂದು ಬರೆಯಿರಿ. ಮುಂದಿನ ಸಭೆಯಲ್ಲಿ ಮತ್ತೆ ಹೇಳಿದರೆ "ಪರಿಶೀಲನೆಯಲ್ಲಿದೆ" ಎಂದು ತಿದ್ದಿಕೊಳ್ಳಿ. ಒಂಟಾರಿಯೊದಲ್ಲಿ ಸಮಿತಿಯ ಲಿಖಿತ ಶಿಫಾರಸಿಗೆ ಆಡಳಿತ 21 ದಿನದೊಳಗೆ ಲಿಖಿತ ಉತ್ತರ ಕೊಡಬೇಕಂತೆ. ಅಷ್ಟು ಅವಸರ ಮಾಡಿದರೆ ಯಂತ್ರ ಬಿಸಿಯಾಗುತ್ತದೆ.

3. ತಪಾಸಣೆ

ಹತ್ತು ದಿನ ಮೊದಲೇ ಸುತ್ತೋಲೆ ಕಳಿಸಿ. ನೀವು ಹೋಗುವ ಹೊತ್ತಿಗೆ ನೆಲ ಫಿನಾಯಿಲ್ ವಾಸನೆ ಹೊಡೆಯುತ್ತಿರಬೇಕು. ಗೋಡೆಗೆ ನೇತುಹಾಕಿದ ಬೆಂಕಿ ನಂದಿಸುವ ಸಿಲಿಂಡರಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಿ. ಅದರ ಮೀಟರಿನ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಇಳಿದಿದೆಯೇ ಎಂದು ಬಗ್ಗಿ ನೋಡಬೇಡಿ. ರೀಫಿಲ್ ಚೀಟಿಯನ್ನೂ ತಿರುಗಿಸಬೇಡಿ, ಅದರಲ್ಲಿ ತಾರೀಖು ಇರುತ್ತದೆ. ಫ್ಯೂಮ್ ಹುಡ್ ವಿಷದ ಹೊಗೆಯನ್ನು ಹೊರಗೆ ಎಳೆಯಲಿಕ್ಕೆ ಇರುವುದು. ಅಲ್ಲಿ ಹಳೆಯ ರೆಕಾರ್ಡ್ ಪುಸ್ತಕ ಜೋಡಿಸಿದ್ದರೆ "ಸ್ಥಳದ ಸದುಪಯೋಗ" ಎಂದು ಷರಾ ಬರೆಯಿರಿ. ಅಸಿಟೋನ್ ಬಾಟಲಿಯ ಪಕ್ಕದಲ್ಲೇ ನೈಟ್ರಿಕ್ ಆಸಿಡ್ ಕಂಡರೆ ಬೀರುವಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ. ಅವೆರಡೂ ಕೂಡಿದರೆ ಸಿಡಿಯಬಲ್ಲವು ಎಂಬುದು ಪಠ್ಯಪುಸ್ತಕದಲ್ಲಿದೆ. ಇದು ಸಮಿತಿ.

ಎಚ್ಚರಿಕೆ: ತಪಾಸಣೆಯನ್ನು ಸರಿಯಾಗಿ ಮಾಡಿದರೂ ಸಾಲದು. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಒಂದು ರಸಾಯನ ಪ್ರಯೋಗಾಲಯದಲ್ಲಿ ಕೆಲಸಗಾರರು ಲ್ಯಾಬ್ ಕೋಟು ತೊಡುತ್ತಿಲ್ಲವೆಂದು ತಪಾಸಣೆಯವರು 2008ರ ಅಕ್ಟೋಬರಿನಲ್ಲಿ ಬರೆದಿದ್ದರು. ಡಿಸೆಂಬರ್ 29ರಂದು ಅಲ್ಲಿ, ಗಾಳಿ ಸೋಕಿದರೆ ಹೊತ್ತಿಕೊಳ್ಳುವ ರಾಸಾಯನಿಕವನ್ನು ಸಿರಿಂಜಿನಲ್ಲಿ ಎಳೆಯುವಾಗ 23 ವರ್ಷದ ಸಂಶೋಧನಾ ಸಹಾಯಕಿಯ ಬಟ್ಟೆಗೆ ಬೆಂಕಿ ತಗುಲಿತು. ಆಕೆ ಕೋಟು ತೊಟ್ಟಿರಲಿಲ್ಲ. 18 ದಿನಗಳ ಬಳಿಕ ತೀರಿಕೊಂಡಳು. ವರದಿ ಇತ್ತು, ಕಡತದಲ್ಲಿ.

4. ಹಳೆಯ ಸಾಮಾನಿನ ವಿಲೇವಾರಿ

ಉಗ್ರಾಣದಲ್ಲಿ ಜಾಗ ಸಾಲದಿದ್ದರೆ ಹರಾಜು ಹಾಕಿ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ವಿಕಿರಣ ಯಂತ್ರ 2010ರ ಫೆಬ್ರುವರಿಯಲ್ಲಿ ಹೀಗೆಯೇ ಹರಾಜಾಯಿತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಒಡೆದರು. ಒಳಗಿದ್ದದ್ದು ಕೋಬಾಲ್ಟ್-60. ಗುಜರಿ ಕೆಲಸದ ಒಬ್ಬ ಸತ್ತ, ಹಲವರು ಆಸ್ಪತ್ರೆ ಸೇರಿದರು. ಯಂತ್ರದೊಳಗೆ ಏನಿದೆ ಎಂದು ತಿಳಿದ ಕಟ್ಟಡದಿಂದ ಅದು ಹೊರಟಿತ್ತು. ತಿಳಿಯದವರ ಕೈಯಲ್ಲಿ ಬಿಚ್ಚಿಕೊಂಡಿತು.

5. ದೋಷ ಮತ್ತು ಪರಿಹಾರ

ದೋಷ: ಅಟೆಂಡರ್ ಬಂದು "ಸಾರ್, ಮೂಲೆ ಸಿಲಿಂಡರಿಗೆ ಚೈನ್ ಇಲ್ಲ, ಒಂದಿನ ಬೀಳುತ್ತೆ" ಎನ್ನುತ್ತಾನೆ.
ಪರಿಹಾರ: "ವಿಭಾಗದ ಮುಖ್ಯಸ್ಥರ ಮೂಲಕ ಬರೆದುಕೊಡಪ್ಪ" ಎನ್ನಿ.

ದೋಷ: ಬರೆದೇ ಕೊಡುತ್ತಾನೆ.
ಪರಿಹಾರ: ಉಪಸಮಿತಿ.

ದೋಷ: ಸಿಲಿಂಡರ್ ಬೀಳುತ್ತದೆ.
ಪರಿಹಾರ: ವಿಚಾರಣಾ ಸಮಿತಿ. ಮೊದಲ ಪ್ರಶ್ನೆ, "ನೀನು ಮೊದಲೇ ಯಾಕೆ ಹೇಳಲಿಲ್ಲ?"

6. ವಾರ್ಷಿಕ ಸರ್ವೀಸ್

ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ್ದು 1966ರ ಮಾರ್ಚ್ 4ರಂದು. ಆ ದಿನವೇ ಸುರಕ್ಷತಾ ದಿನ. ಬ್ಯಾನರ್ ಕಟ್ಟಿಸಿ, ಪ್ರತಿಜ್ಞೆ ಬೋಧಿಸಿ, ಘೋಷವಾಕ್ಯ ಸ್ಪರ್ಧೆ ನಡೆಸಿ. ಬ್ಯಾನರ್ ಕಟ್ಟಲು ಸ್ಟೂಲಿನ ಮೇಲೆ ಸ್ಟೂಲು ಇಟ್ಟು ಹತ್ತಿದವನಿಗೂ ಒಂದು ಕಾಫಿ ಇರಲಿ.

7. ಬಿಡಿಭಾಗಗಳು (ಪೆಟ್ಟಿಗೆಯಲ್ಲಿಲ್ಲ)

ಸಮಿತಿ ನಿಜವಾಗಿ ಕೆಲಸ ಮಾಡಬೇಕೆಂಬ ಹಟವಿದ್ದರೆ ಮೂರು ಭಾಗಗಳನ್ನು ಪ್ರತ್ಯೇಕವಾಗಿ ತರಿಸಿಕೊಳ್ಳಬೇಕು. ಒಂದು, ಜೋಡಣೆಯಲ್ಲಿ ಮಿಕ್ಕವರಿಗೆ ಮೇಜಿನ ಸುತ್ತ ಕುರ್ಚಿ. ಅಪಾಯ ಮೊದಲು ಅವರ ಕೈಗೇ ತಾಗುವುದರಿಂದ ಅದು ಎಲ್ಲಿದೆಯೆಂದು ಅವರಿಗೇ ಮೊದಲು ಗೊತ್ತು. ಎರಡು, ಪ್ರತಿ ದೂರಿನ ಮುಂದೆ ಉತ್ತರ ಕೊಡಬೇಕಾದ ತಾರೀಖು ಮತ್ತು ಕೊಡಬೇಕಾದವರ ಹೆಸರು. ಮೂರು, ಸರಿಯಾಗುವವರೆಗೂ ಲ್ಯಾಬಿಗೆ ಬೀಗ ಹಾಕುವ ಅಧಿಕಾರ, ಆ ಲ್ಯಾಬು ಅಧ್ಯಕ್ಷರದ್ದೇ ಆಗಿದ್ದರೂ ಸರಿಯೆ.

ಇವುಗಳಲ್ಲಿ ಯಾವುದಕ್ಕೂ ಟೆಂಡರ್ ಕರೆಯಬೇಕಾಗಿಲ್ಲ. ಅಧ್ಯಕ್ಷರ ಒಂದು ಸಹಿ ಸಾಕು. ತಯಾರಕರಿಗೆ ಈವರೆಗೆ ಈ ಭಾಗಗಳನ್ನು ಕೇಳಿ ಬಂದ ಪತ್ರಗಳೆಲ್ಲ ಅಟೆಂಡರುಗಳವೇ.