ಮಾಲೀಕರೇ ಇಲ್ಲದ ಕಟ್ಟಡದ ಪ್ರಧಾನ ಗುತ್ತಿಗೆದಾರರಿಗೆ

ಸ್ಥಳ: ಚೇಕಾಡಿ, ಪುಲ್ಪಳ್ಳಿ ಗ್ರಾಮ ಪಂಚಾಯಿತಿ, ವಯನಾಡು ಜಿಲ್ಲೆ

ವಿಷಯ: ಸತ್ತವನೇ ತನ್ನ ಸಾವಿಗೆ ಹೊಣೆಯೆಂಬ ಮಾನ್ಯರ ಸಿದ್ಧಾಂತವನ್ನು ಕುರಿತು.

ಮಾನ್ಯರೇ,

ಕಾಡು ಮತ್ತು ಕಬಿನಿಯ ನಡುವಿನ ಗದ್ದೆಯೂರಾದ ಚೇಕಾಡಿಯಲ್ಲಿ ಮಾನ್ಯರು ಎರಡಂತಸ್ತಿನ ಕಟ್ಟಡವೊಂದರ ಗುತ್ತಿಗೆ ಹಿಡಿದರೆಂದೂ, ಗಡಿಯೂರು ಬಾವಲಿಯಾಚೆ ಕರ್ನಾಟಕದ ಹೆಗ್ಗಡದೇವನಕೋಟೆ ತಾಲ್ಲೂಕಿನಿಂದ ಬಂದ ಗಾರೆ ಕೆಲಸದವನೊಬ್ಬ ಸಾರುವೆಯಿಂದ, ಎಂದರೆ ಗೋಡೆಯ ಮಗ್ಗುಲಿಗೆ ಕಂಬ ಹಲಗೆ ಕಟ್ಟಿ ನಿಲ್ಲಿಸಿದ ಅಟ್ಟಣೆಯಿಂದ, ಬಿದ್ದು ಸತ್ತನೆಂದೂ ಭಾವಿಸಬಹುದು. (ಭಾವಿಸುವುದಷ್ಟೇ, ಮಾನ್ಯರು ಈಗಲೇ ವಕೀಲರಿಗೆ ಫೋನು ಮಾಡಬೇಕಾಗಿಲ್ಲ.)

ಅಪಘಾತದ ಹೊತ್ತಿಗೆ ಅಲ್ಲಿ ಮಾಲೀಕರೆಂಬುವರೇ ಇಲ್ಲದಂತೆ ನೋಡಿಕೊಂಡಿರುವುದು ಮಾನ್ಯರ ನಿಜವಾದ ನಿರ್ಮಾಣ ಕೌಶಲ. ಕೆಲಸವನ್ನು ಮಾನ್ಯರು ಉಪಗುತ್ತಿಗೆದಾರನಿಗೂ, ಆತ ಸೆಂಟ್ರಿಂಗನ್ನು ಒಬ್ಬನಿಗೂ, ಗಾರೆಯನ್ನು ಚದರಡಿ ಲೆಕ್ಕದಲ್ಲಿ ಇನ್ನೊಬ್ಬನಿಗೂ, ಗಾರೆಯವನು ಮೇಸ್ತ್ರಿಗೂ, ಮೇಸ್ತ್ರಿ ಕೊನೆಗೆ ಸಾರುವೆ ಏರಿದವನಿಗೇ ತುಂಡು ಗುತ್ತಿಗೆಯಾಗಿಯೂ ವಹಿಸಿರುವುದರಿಂದ, ಸತ್ತವನು ತನಗೆ ತಾನೇ ಮಾಲೀಕನಾಗಿದ್ದನೆಂದೂ, ತನ್ನ ಸಾವಿಗೆ ತಾನೇ ಪರಿಹಾರ ಕೊಡಬೇಕಾದವನು ಕೊಡದೆ ತಲೆತಪ್ಪಿಸಿಕೊಂಡನೆಂದೂ ವಾದಿಸಲು ಅವಕಾಶವಿದೆ. ಲಾಭ ಮೇಲಕ್ಕೆ ಹತ್ತುವಾಗ ಈ ಸರಪಳಿಯ ಒಂದು ಕೊಂಡಿಯೂ ಕಳಚದಿರುವುದು ಬೇರೆ ವಿಷಯ.

ಇಷ್ಟು ನಯವಾದ ಏರ್ಪಾಡಿಗೆ ಕಲ್ಲು ಹಾಕಿದ್ದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 12ನೇ ಕಲಮು. ತನ್ನ ಕಸುಬಿನ ಭಾಗವಾದ ಕೆಲಸವನ್ನು ಇನ್ನೊಬ್ಬನ ಮೂಲಕ ಮಾಡಿಸುವವನನ್ನು ಅದು ‘ಪ್ರಧಾನ’ನೆಂದು ಕರೆದು, ಗುತ್ತಿಗೆದಾರನ ಆಳಿಗೆ ಪೆಟ್ಟಾದರೆ ಸ್ವಂತ ಆಳಿಗೆ ಕೊಡಬೇಕಾದಂತೆಯೇ ಪರಿಹಾರ ಕೊಡಬೇಕೆಂದೂ, ಕೊಟ್ಟ ಮೇಲೆ ಬೇಕಿದ್ದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದೆಂದೂ ಹೇಳಿತು. ಸ್ವಂತಕ್ಕೆ ಮನೆ ಕಟ್ಟಿಸುವ ರೈತ ಸಾಮಾನ್ಯವಾಗಿ ಇದರ ಹಿಡಿತಕ್ಕೆ ಸಿಕ್ಕುವುದಿಲ್ಲ, ಕಟ್ಟುವುದನ್ನೇ ಕಸುಬು ಮಾಡಿಕೊಂಡ ಮಾನ್ಯರಂಥವರು ಸಿಕ್ಕುತ್ತಾರೆ. “ಅಪಘಾತದ ಸಕಲ ಹೊಣೆ ಉಪಗುತ್ತಿಗೆದಾರನದು” ಎಂದು ಛಾಪಾ ಕಾಗದದಲ್ಲಿ ಬರೆಸಿಕೊಂಡ ಷರತ್ತು ಆ ಇಬ್ಬರ ನಡುವಿನ ಲೆಕ್ಕಾಚಾರವೇ ಹೊರತು ಸತ್ತವನ ಹೆಂಡತಿಯನ್ನು ಕಟ್ಟಿಹಾಕುವುದಿಲ್ಲ. ಪರಿಹಾರದ ಹಕ್ಕನ್ನೇ ಬಿಟ್ಟುಕೊಟ್ಟೆನೆಂದು ಕಾರ್ಮಿಕನಿಂದ ಒತ್ತಿಸಿಕೊಂಡ ಹೆಬ್ಬೆಟ್ಟಂತೂ ಅದೇ ಕಾಯ್ದೆಯ 17ನೇ ಕಲಮಿನಂತೆ ಹುಟ್ಟುವಾಗಲೇ ಅಸಿಂಧುವಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಹಳೆಯ ಕಾಯ್ದೆಯನ್ನು ನುಂಗಿಕೊಂಡಿತೆಂಬ ಸುದ್ದಿ ಕೇಳಿ ಮಾನ್ಯರು ಹಿಗ್ಗಿರಬಹುದು. ನುಂಗಿದ್ದರೊಳಗೆ ಪ್ರಧಾನನ ಹೊಣೆಯ ತತ್ತ್ವವೂ ಸೇರಿದೆ.

“ಕುಡಿದಿದ್ದ, ಹೆಲ್ಮೆಟ್ ತೆಗೆದಿಟ್ಟಿದ್ದ” ಎಂಬುದು ಮಾನ್ಯರ ಮುಂದಿನ ವಾದವಾಗುತ್ತದೆ. ಸಣ್ಣಪುಟ್ಟ ಗಾಯಗಳಲ್ಲಿ ಅದಕ್ಕೆ ಬೆಲೆಯುಂಟು. ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗವಿಕಲತೆ ಒದಗಿದಾಗ ಕಾಯ್ದೆ ಆ ನೆಪಕ್ಕೆ ಕಿವಿಗೊಡುವುದಿಲ್ಲ. ಅಲ್ಲದೆ ಎಂಜಿನಿಯರು ಬರುವ ದಿನ ಮಾತ್ರ ಸಿಮೆಂಟ್ ಶೆಡ್ಡಿನ ಬೀಗ ತೆಗೆದು ಹಂಚಿ, ಅವರ ಜೀಪು ತಿರುಗಿದೊಡನೆ ಎಣಿಸಿ ಒಳಗಿಡುವ ಆ ಹಳದಿ ಹೆಲ್ಮೆಟ್ಟುಗಳು, ಪ್ಲಾಸ್ಟಿಕ್ ಹೊದಿಕೆಯನ್ನೂ ಕಳಚದೆ, ಯಾರ ಪರ ಸಾಕ್ಷಿ ನುಡಿಯುವುವೆಂಬುದನ್ನು ಮಾನ್ಯರು ಯೋಚಿಸುವುದು ಕ್ಷೇಮ.

ಮಣ್ಣಿನ ಮರುದಿನ ಬಂಧುಗಳ ಕೈಗೆ ಲಕೋಟೆಯಲ್ಲಿ ಐವತ್ತು ಸಾವಿರವಿಟ್ಟು ಮುಗಿಸುವ ಪದ್ಧತಿಗೂ ಕಾಯ್ದೆ ಅಡ್ಡ ನಿಂತಿದೆ. ಸಾವಿನ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ನೇರವಾಗಿ ಕೊಟ್ಟದ್ದು, ಸಣ್ಣ ಮುಂಗಡವೊಂದನ್ನು ಬಿಟ್ಟರೆ, ಕೊಟ್ಟಂತಾಗುವುದಿಲ್ಲ. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುವುದು ಪರಿಹಾರ ಗೊತ್ತುಮಾಡುವ ಕ್ರಮವಾಗಿದ್ದು, 2020ರಲ್ಲಿ ಗೊತ್ತುಪಡಿಸಿದ 15,000 ರೂಪಾಯಿಯ ಮಿತಿ ಹಿಡಿದು ಲೆಕ್ಕ ಹಾಕಿದರೆ 30 ವರ್ಷದವನಿಗೆ 7,500ನ್ನು 207.98ರಿಂದ ಗುಣಿಸಿ 15,59,850 ರೂಪಾಯಿ ಬರುತ್ತದೆ. ತಿಂಗಳೊಳಗೆ ಕಟ್ಟದಿದ್ದರೆ ಶೇ. 12ರ ಬಡ್ಡಿಯೂ, ತಕ್ಕ ಕಾರಣವಿಲ್ಲದಿದ್ದರೆ ಶೇ. 50ರವರೆಗಿನ ದಂಡವೂ ಅದರ ಬೆನ್ನಿಗೆ ಬೀಳುತ್ತವೆ.

ಅಪಘಾತ ಕೇರಳದ್ದು, ಹೆಣ ಕರ್ನಾಟಕದ್ದು, ನಡುವೆ ಕಾಡಿದೆ ಎಂಬುದು ಮಾನ್ಯರ ಕೊನೆಯ ಭರವಸೆ. ಆದರೆ ಅವಲಂಬಿತರು ತಾವು ವಾಸವಿರುವ ಕಡೆಯೇ ಅರ್ಜಿ ಹಾಕಬಹುದಾದ್ದರಿಂದ ನೋಟಿಸು ಮೈಸೂರಿನಿಂದ ಬರುವ ಸಂಭವವಿದೆ. ಬಾವಲಿ ದಾರಿಯ ಗೇಟು ಸಂಜೆ 6ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಮಾನ್ಯರು ಅದಕ್ಕೆ ತಕ್ಕಂತೆ ಹೊರಟು, ಹಾಜರಿ ಪುಸ್ತಕವನ್ನು, ಹರಿದ ಹಾಳೆಯ ಸಮೇತ, ಮರೆಯದೆ ತರತಕ್ಕದ್ದು.

ಇಂತಿ,
ಸಾರುವೆಯ ಕೆಳಗೆ ನಿಂತವರು