ಚಿಗರಿಗೊಂದು ಲೈಸೆನ್ಸು

ಬೇರೆ ರಾಜ್ಯದಿಂದ ಸಿಂಧನೂರಿನ ಕ್ಯಾಂಪಿಗೆ ಬಂದವರು ಮೊದಲು ಪಡಿತರ ಚೀಟಿಗೆ ಅಲೆಯುತ್ತಾರೆ. ಈ ಮಹಾಶಯರಿಗೆ ಬೇಕಾದದ್ದು ಬೇಟೆ ಚೀಟಿ. ಲಿಂಗಸುಗೂರು ರಸ್ತೆಯ ಚಹಾದಂಗಡಿಯಲ್ಲಿ ಅರಣ್ಯ ರಕ್ಷಕ ಸಿಕ್ಕ.

“ಸರ್ಕಾರಿ ಜಾಗದಲ್ಲಿ ಜಿಂಕೆ ಹೊಡೆಯೋಕೆ ಲೈಸೆನ್ಸ್ ಎಲ್ಲಿ ಕೊಡ್ತಾರೆ ಸಾರ್?”

“ಎಲ್ಲೂ ಕೊಡಂಗಿಲ್ರೀ. 1972ರ ಕಾಯ್ದೆ ಐತಿ. ಚಿಗರಿ ಒಂದನೇ ಶೆಡ್ಯೂಲಿನಾಗ ಬರ್ತೈತಿ.”

“ಬಂದೂಕಲ್ಲ, ಬರೀ ಬಿಲ್ಲು.”

“ಬಿಲ್ಲಿಗೂ ಮೂರರಿಂದ ಏಳು ವರ್ಷ ಜೈಲು.”

“ಗುರಿ ತಪ್ಪಿದ್ರೆ?”

“ಹೊಡಿಯಾಕ ನೋಡಿದ್ರೂ ಬ್ಯಾಟೀನ.”

ಕಾಯ್ದೆಯ ವ್ಯಾಖ್ಯೆಯಲ್ಲಿ ಉರುಲು, ವಿಷ, ಬೆನ್ನಟ್ಟುವುದು ಎಲ್ಲ ಸೇರಿವೆ. ಕಳಪೆ ಬಿಲ್ಲುಗಾರನಿಗೆ ರಿಯಾಯಿತಿ ಇಲ್ಲ.

“ರಾಜರು ಬೇಟೆ ಆಡ್ತಿದ್ರಲ್ಲ?”

“1915ರಾಗ ನಮ್ಮ ಮಸ್ಕಿ ಬಂಡಿಮ್ಯಾಲ ಹೆಸರು ಸಿಕ್ಕಿತಲ್ರೀ, ಅಶೋಕ? ಅಡಗಿಮನಿಗೆ ಎರಡು ನವಿಲು, ಒಂದು ಜಿಂಕಿ ಅಷ್ಟ, ಮುಂದ ಅದೂ ಇಲ್ಲಂತ ಗಿರ್ನಾರದಾಗ ಬರೆಸ್ಯಾನ.”

ಮಹಾಶಯರು ಎರಡು ಪ್ಲೇಟ್ ಮಿರ್ಚಿ ಹೇಳಿದರು.